ಓದುಗರ ಪ್ರಶ್ನೆ, ನಮ್ಮ ಉತ್ತರ: 'ವಿಂಬಲ್ಡನ್' ಗಳಿಸಿದ್ದೆಷ್ಟು, ಕೈಗೆ ಬಂದದ್ದೆಷ್ಟು?

ಪ್ರಶ್ನೆ: ಈಚೆಗೆ ಟಿ.ವಿ.ಯಲ್ಲಿ 2004ರ 'ವಿಂಬಲ್ಡನ್' ಎಂಬ ಇಂಗ್ಲಿಷ್ ಚಿತ್ರವನ್ನು ಮನೆಮಂದಿಯೆಲ್ಲ ಕೂತು ನೋಡಿದೆವು. ನಗು, ಪ್ರೇಮ, ಟೆನಿಸ್ ಮೂರೂ ಹದವಾಗಿ ಬೆರೆತ ಚಿತ್ರವೆನಿಸಿತು. ಆಮೇಲೆ ಹುಡುಕಿದಾಗ ತಿಳಿದದ್ದು ಇಷ್ಟು: ತಯಾರಿಕೆಗೆ ಆದ ವೆಚ್ಚ 3.1 ಕೋಟಿ ಡಾಲರ್, ವಿಶ್ವದಾದ್ಯಂತ ಗಳಿಕೆ 4.1 ಕೋಟಿ ಡಾಲರಿಗೂ ಹೆಚ್ಚು. ಒಂದು ಕೋಟಿ ಡಾಲರ್ ಲಾಭ ಬಂದಂತಾಯಿತಲ್ಲ! ಆದರೂ ಎಲ್ಲ ಕಡೆ ಇದನ್ನು ಸೋತ ಚಿತ್ರವೆಂದೇ ಬರೆದಿದ್ದಾರೆ. ಈ ಲೆಕ್ಕ ನನಗೆ ಬಗೆಹರಿಯಲಿಲ್ಲ.
(ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ನಿಮ್ಮ ಕಳೆಯುವ ಲೆಕ್ಕ ಸರಿಯಾಗಿಯೇ ಇದೆ, ಆದರೆ ಕಳೆಯಬೇಕಾದದ್ದು ಇನ್ನೂ ಎರಡಿವೆ. ಗಳಿಕೆ ಎಂದು ಪ್ರಕಟವಾಗುವ ಅಂಕಿ ಪ್ರೇಕ್ಷಕರು ಟಿಕೆಟ್ ಕೌಂಟರಿನಲ್ಲಿ ಕೊಟ್ಟ ಹಣವೇ ಹೊರತು ಚಿತ್ರ ತೆಗೆದವರ ಪೆಟ್ಟಿಗೆಗೆ ಬಿದ್ದ ಹಣವಲ್ಲ. ಗಾಂಧಿನಗರದಲ್ಲಿ ಓಡಾಡಿದವರಿಗೆ 'ಗ್ರಾಸ್' (ಟಿಕೆಟ್ ಹಣದ ಒಟ್ಟು ಮೊತ್ತ) ಬೇರೆ, 'ಷೇರ್' (ಚಿತ್ರದವರ ಕೈಗೆ ಬರುವ ಪಾಲು) ಬೇರೆ ಎಂಬುದು ಗೊತ್ತಿರುವ ಸಂಗತಿ. ನಮ್ಮಲ್ಲಿ ಹಳೆಯ ಚಿತ್ರಮಂದಿರಗಳಿಗೆ ವಾರದ ಬಾಡಿಗೆ ಕಟ್ಟುವ ಪದ್ಧತಿಯಿದ್ದರೆ, ಮಲ್ಟಿಪ್ಲೆಕ್ಸ್‌ಗಳಲ್ಲಿ ಶೇಕಡಾವಾರು ಹಂಚಿಕೆ ನಡೆಯುತ್ತದೆ. ಅಮೆರಿಕದ್ದೂ ಹಂಚಿಕೆಯ ಪದ್ಧತಿಯೇ. ಮೊದಲ ವಾರಗಳಲ್ಲಿ ವಿತರಕರಿಗೆ ದೊಡ್ಡ ಪಾಲು ಸಿಗುತ್ತದೆ, ದಿನ ಕಳೆದಂತೆ ಚಿತ್ರಮಂದಿರದವರ ಪಾಲು ಏರುತ್ತದೆ, ಒಟ್ಟಾರೆ ಸರಾಸರಿ ತೆಗೆದರೆ ಟಿಕೆಟ್ ಹಣದ ಸುಮಾರು ಅರ್ಧ ಮಾತ್ರ ಸ್ಟುಡಿಯೊಗೆ ಹಿಂತಿರುಗುತ್ತದೆ. ಹೊರದೇಶಗಳಿಂದ ಬರುವ ಪಾಲು ಇನ್ನೂ ಕಡಿಮೆ, ನೂರಕ್ಕೆ ನಲವತ್ತರ ಆಸುಪಾಸು ಎಂದು ಹಿಡಿಯುವುದು ವಾಡಿಕೆ.

ಈಗ 'ವಿಂಬಲ್ಡನ್' ಚಿತ್ರಕ್ಕೆ ಈ ಅಳತೆಯನ್ನು ಹಾಕಿ ನೋಡೋಣ. ಅಮೆರಿಕ ಮತ್ತು ಕೆನಡಾ ಸೇರಿ ಬಂದದ್ದು 1.7 ಕೋಟಿ ಡಾಲರ್, ಉಳಿದ ದೇಶಗಳಿಂದ ಸುಮಾರು 2.4 ಕೋಟಿ. ಮೊದಲನೆಯದರ ಅರ್ಧ 85 ಲಕ್ಷ, ಎರಡನೆಯದರಲ್ಲಿ ನೂರಕ್ಕೆ ನಲವತ್ತು ಎಂದರೆ ಸುಮಾರು 96 ಲಕ್ಷ. ಎರಡನ್ನೂ ಕೂಡಿಸಿದರೆ 1.8 ಕೋಟಿ ಡಾಲರ್ ಚಿತ್ರಮಂದಿರಗಳಿಂದ ಕೈಸೇರಿತೆಂದು ಅಂದಾಜಿಸಬಹುದು. ಖರ್ಚಾದದ್ದು 3.1 ಕೋಟಿ, ಅಂದರೆ ಆಗಿನ ವಿನಿಮಯ ದರದಲ್ಲಿ ಸುಮಾರು 140 ಕೋಟಿ ರೂಪಾಯಿ. ಹೀಗೆ, ಪ್ರಚಾರದ ಮಾತೆತ್ತುವ ಮೊದಲೇ ಅಸಲು ಹುಟ್ಟಲಿಲ್ಲ.

ಪ್ರಚಾರದ ವೆಚ್ಚವಂತೂ ಕಣ್ಣಿಗೆ ಕಾಣದ ದೊಡ್ಡ ತೂತು. ಅಮೆರಿಕದ ಚಲನಚಿತ್ರ ಸಂಘದ ಲೆಕ್ಕದ ಪ್ರಕಾರ 2004ರಲ್ಲಿ ದೊಡ್ಡ ಸ್ಟುಡಿಯೊಗಳು ಒಂದು ಚಿತ್ರದ ಜಾಹೀರಾತು ಮತ್ತು ಪ್ರಿಂಟುಗಳಿಗಾಗಿ ಸರಾಸರಿ 3.4 ಕೋಟಿ ಡಾಲರ್ ಸುರಿಯುತ್ತಿದ್ದವು. ಡಿಜಿಟಲ್ ಪ್ರದರ್ಶನ ಇನ್ನೂ ಬಳಕೆಗೆ ಹರಡಿರದ ಕಾಲ ಅದು. ಒಂದೊಂದು ಚಿತ್ರಮಂದಿರಕ್ಕೂ ಸಾವಿರ ಡಾಲರಿಗೂ ಹೆಚ್ಚು ಬೆಲೆಯ ರೀಲು ಪ್ರಿಂಟು ಕಳಿಸಬೇಕಿತ್ತು. ಎಲ್ಲ ಚಿತ್ರಗಳಿಗೂ ಸರಾಸರಿಯಷ್ಟೇ ಖರ್ಚಾಗುವುದಿಲ್ಲ, ನಿಜ. ಆದರೆ ತಯಾರಿಕೆಯ ವೆಚ್ಚಕ್ಕಿಂತ ಪ್ರಚಾರದ ಸರಾಸರಿಯೇ ಮಿಗಿಲಾಗಿದ್ದ ಮಾರುಕಟ್ಟೆಯಲ್ಲಿ 4.1 ಕೋಟಿಯ ಗಳಿಕೆ ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೀವೇ ಊಹಿಸಬಹುದು. ಖರ್ಚಿನ ಎರಡೂವರೆ ಪಟ್ಟು ಗಳಿಸಿದರೆ ಮಾತ್ರ ಚಿತ್ರ ದಡ ಸೇರುತ್ತದೆ ಎಂದು ವ್ಯಾಪಾರದವರು ಬಾಯಿಲೆಕ್ಕದಲ್ಲಿ ಹೇಳುವುದು ಇದೇ ಕಾರಣಕ್ಕೆ. ಆ ಪ್ರಕಾರ ಈ ಚಿತ್ರ 7.75 ಕೋಟಿ ಡಾಲರಿನ ಹತ್ತಿರ ಬರಬೇಕಿತ್ತು.

ಬಾಂಬು ಸಿಡಿಯದ, ಕಾರು ಹಾರದ ಪ್ರೇಮಕಥೆಗೆ ಅಷ್ಟು ಹಣವೇಕೆ ಎಂದು ಕೇಳುವವರೂ ಇದ್ದಾರೆ. ಪ್ರೇಮಕಥೆಯೊಳಗೆ ಆಟ ಸೇರಿದೊಡನೆ ವೆಚ್ಚ ಏರುವುದು ಸಹಜ. ನಾಯಕ ಪಾಲ್ ಬೆಟನಿ ಮತ್ತು ನಾಯಕಿ ಕರ್ಸ್ಟನ್ ಡನ್ಸ್ಟ್ ಇಬ್ಬರೂ ವೃತ್ತಿಪರ ಆಟಗಾರರಂತೆ ಕಾಣಿಸಬೇಕೆಂದು 1987ರ ವಿಂಬಲ್ಡನ್ ಚಾಂಪಿಯನ್ ಪ್ಯಾಟ್ ಕ್ಯಾಶ್ ಅವರಿಂದ ತರಬೇತಿ ಕೊಡಿಸಲಾಯಿತು, 2003ರ ಪಂದ್ಯಾವಳಿ ನಡೆಯುತ್ತಿರುವಾಗಲೇ ಸೆಂಟರ್ ಕೋರ್ಟಿನಲ್ಲಿ ನಿಜವಾದ ಪ್ರೇಕ್ಷಕರ ಮುಂದೆ ಕೆಲವು ಭಾಗಗಳನ್ನು ಚಿತ್ರಿಸಲಾಯಿತು, ಎಷ್ಟೋ ದೃಶ್ಯಗಳಲ್ಲಿ ನಟರು ಬರಿಯ ಗಾಳಿಗೆ ರಾಕೆಟ್ ಬೀಸಿ, ಚೆಂಡನ್ನು ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸಲಾಯಿತು. ನೀವು ಟಿ.ವಿ.ಯಲ್ಲಿ ನೋಡಿ ಮೆಚ್ಚಿದ ಆ ರ‍್ಯಾಲಿಗಳಲ್ಲಿ ಬಹುಪಾಲು ಚೆಂಡೇ ಇರಲಿಲ್ಲ!

ಪ್ರಶ್ನೆ: ವಿಂಬಲ್ಡನ್ ಪಂದ್ಯಾವಳಿ ಜೂನ್ ಕೊನೆಯಲ್ಲಿ ಶುರುವಾಗಿ ಜುಲೈ ಮೊದಲ ವಾರಗಳಲ್ಲಿ ಮುಗಿಯುತ್ತದೆ. ಅದೇ ಹೆಸರಿನ ಚಿತ್ರವನ್ನು ಆಗಲೇ ಬಿಡುಗಡೆ ಮಾಡದೆ ಸೆಪ್ಟೆಂಬರ್‌ವರೆಗೆ ಕಾಯ್ದದ್ದು ಹಬ್ಬ ಮುಗಿದ ಮೇಲೆ ಹೋಳಿಗೆ ಬಡಿಸಿದಂತೆ ಆಗಲಿಲ್ಲವೇ? ಸೋಲಿಗೆ ಅದೇ ಕಾರಣವಿರಬಹುದೇ?
(ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕರು, ಮೈಸೂರು)

ಉತ್ತರ: ಮಾಸ್ತರರ ಅನುಮಾನದಲ್ಲಿ ಹುರುಳಿದೆ, ಆದರೆ ಅವರು ತಿಳಿದಷ್ಟು ಸರಳವಾಗಿಲ್ಲ. ಚಿತ್ರ ಅಮೆರಿಕದಲ್ಲಿ ತೆರೆಕಂಡದ್ದು 2004ರ ಸೆಪ್ಟೆಂಬರ್ 17ರಂದು, ಬ್ರಿಟನ್ನಿನಲ್ಲಿ ಅದರ ಮರುವಾರ. ಅಮೆರಿಕದವರ ಸ್ವಂತ ಟೆನಿಸ್ ಹಬ್ಬವಾದ ಯು.ಎಸ್. ಓಪನ್ ಕೂಡ ಸೆಪ್ಟೆಂಬರ್ 12ಕ್ಕೆ ಮುಗಿದುಹೋಗಿತ್ತು. ಫೆಡರರ್ ಅವರು ಹೆವಿಟ್ ಅವರನ್ನು ಎರಡು ಸೆಟ್‌ಗಳಲ್ಲಿ 6–0ರಿಂದ ಬಗ್ಗುಬಡಿದ ಆ ಫೈನಲ್ ಕಳೆದು ಐದೇ ದಿನಕ್ಕೆ ಈ ಚಿತ್ರ ಬಂತು. ಎರಡು ವಾರ ರಾತ್ರಿಯಿಡೀ ಟೆನಿಸ್ ನೋಡಿದವನಿಗೆ ಮತ್ತೆ ಟಿಕೆಟ್ ಕೊಂಡು ಟೆನಿಸ್ ನೋಡುವ ಹಸಿವು ಉಳಿದಿತ್ತೇ ಎಂಬ ಪ್ರಶ್ನೆ ಏಳುವುದು ಸಹಜ.

ಹಾಗೆಂದು ಜುಲೈ ತಿಂಗಳಿನಲ್ಲಿ ಬಂದಿದ್ದರೆ ಬದುಕುತ್ತಿತ್ತೇ? ನನಗೆ ಹಾಗೆನ್ನಿಸುವುದಿಲ್ಲ. ಆ ವರ್ಷದ ಜೂನ್ 30ರಂದು 'ಸ್ಪೈಡರ್‌ಮ್ಯಾನ್' ಸರಣಿಯ ಎರಡನೆಯ ಚಿತ್ರ ಬಿಡುಗಡೆಯಾಗಿ ಅಮೆರಿಕವೊಂದರಲ್ಲೇ 37 ಕೋಟಿ ಡಾಲರ್ ದಾಟಿತು. ಅದರ ನಾಯಕಿಯೂ ಇದೇ ಡನ್ಸ್ಟ್. ತನ್ನ ಚಿತ್ರದೊಡನೆ ತಾನೇ ಸ್ಪರ್ಧಿಸುವ ಇಕ್ಕಟ್ಟು ನಟಿಗೆ ಬಂದಿರುತ್ತಿತ್ತು. ಯುರೋಪಿನಲ್ಲಿ ಜುಲೈ 4ರವರೆಗೂ ಯುರೊ ಫುಟ್‌ಬಾಲ್ ನಡೆದಿತ್ತು, ಆಗಸ್ಟ್‌ನಲ್ಲಿ ಅಥೆನ್ಸ್ ಒಲಿಂಪಿಕ್ಸ್ ಇತ್ತು. ಆಟದ ಚಿತ್ರಕ್ಕೆ ಆಟದ ಋತುವೇ ಒಳ್ಳೆಯ ಕಾಲವೆಂದು ಮೇಲ್ನೋಟಕ್ಕೆ ತೋರಿದರೂ, ನಿಜವಾದ ಆಟ ಮನೆಯ ಟಿ.ವಿ.ಯಲ್ಲಿ ಬಿಟ್ಟಿಯಾಗಿ ಸಿಗುವಾಗ ನಟರು ಆಡುವ ಆಟಕ್ಕೆ ದುಡ್ಡು ಕೊಡಿ ಎಂದು ಕೇಳುವುದು ಕಷ್ಟದ ಕೆಲಸ. ಬೇಸಗೆಯ ದೊಡ್ಡ ಚಿತ್ರಗಳು ಮುಗಿದು, ದೀರ್ಘ ರಜೆಯ ಚಿತ್ರಗಳು ಇನ್ನೂ ಬಾರದ ಸೆಪ್ಟೆಂಬರ್ ಮಧ್ಯಭಾಗ ಆ ಮಟ್ಟಿಗೆ ಖಾಲಿ ಹೊಲ. ಆದರೆ ಹೊಲ ಖಾಲಿಯಿದ್ದರೆ ಸಾಲದು, ಸಂತೆಗೆ ಜನವೂ ಬರಬೇಕು. ಶಾಲೆ ಕಾಲೇಜು ತೆರೆದ ಆ ವಾರಗಳಲ್ಲಿ ಅಮೆರಿಕದ ಚಿತ್ರಮಂದಿರಗಳು ಒಟ್ಟಾರೆಯಾಗಿಯೇ ಬಿಕೋ ಎನ್ನುತ್ತವೆ.

ಮೊದಲ ಮೂರು ದಿನಗಳಲ್ಲಿ ಚಿತ್ರಕ್ಕೆ ಸಿಕ್ಕದ್ದು 71 ಲಕ್ಷ ಡಾಲರ್, ಸಿಕ್ಕ ಸ್ಥಾನ ನಾಲ್ಕು. ಅದಕ್ಕಿಂತ ಮುಂದಿದ್ದವುಗಳಲ್ಲಿ ಅದೇ ದಿನ ಬಿಡುಗಡೆಯಾದ 'ಮಿಸ್ಟರ್ 3000' ಎಂಬ ಬೇಸ್‌ಬಾಲ್ ಹಾಸ್ಯಚಿತ್ರವೂ ಒಂದು. ಆಟದ ನಗೆಚಿತ್ರವೊಂದನ್ನು ನೋಡಲು ಹೊರಟ ಅಮೆರಿಕದ ಕುಟುಂಬದ ಮುಂದೆ ಅಂದು ಎರಡು ಆಯ್ಕೆಗಳಿದ್ದವು. ಅವುಗಳಲ್ಲಿ ಒಂದು ಅವರದೇ ಆಟ.

ಇನ್ನೊಂದು ಅಂಕಿಯ ಕಡೆಗೂ ಮಾಸ್ತರರು ಗಮನ ಕೊಡಬೇಕು. ಒಟ್ಟು 1.7 ಕೋಟಿಯನ್ನು ಮೊದಲ ವಾರಾಂತ್ಯದ 71 ಲಕ್ಷದಿಂದ ಭಾಗಿಸಿದರೆ ಸಿಗುವುದು 2.4. ಅಂದರೆ ಮೊದಲ ಮೂರು ದಿನಗಳಲ್ಲಿ ಬಂದ ಹಣದ ಎರಡೂವರೆ ಪಟ್ಟೂ ಆಗುವಷ್ಟರಲ್ಲಿ ಚಿತ್ರದ ಓಟ ನಿಂತಿತು. ತಾರೀಖು ತಪ್ಪಾಗಿದ್ದರೆ ಮೊದಲ ವಾರ ಮಾತ್ರ ಸೊರಗಬೇಕು. ನೋಡಿದವರು ಹೊಗಳುತ್ತ ಹೋದರೆ ಎರಡನೆಯ, ಮೂರನೆಯ ವಾರಗಳಲ್ಲಿ ಚಿತ್ರ ಚೇತರಿಸಿಕೊಳ್ಳಬೇಕು. 1988ರ ಬೇಸ್‌ಬಾಲ್ ಪ್ರೇಮಹಾಸ್ಯ 'ಬುಲ್ ಡರಮ್' ಮೊದಲ ವಾರಾಂತ್ಯದ ಸುಮಾರು ಹತ್ತು ಪಟ್ಟು ಗಳಿಸಿ 5 ಕೋಟಿ ಡಾಲರ್ ದಾಟಿತು. ಅದರ ತಯಾರಿಕೆಗೆ ಒಂದು ಕೋಟಿಯೂ ಆಗಿರಲಿಲ್ಲ. ಅದರ ನಿರ್ದೇಶಕ ರಾನ್ ಶೆಲ್ಟನ್ ಸ್ವತಃ ಕೆಳಹಂತದ ಲೀಗುಗಳಲ್ಲಿ ಬೇಸ್‌ಬಾಲ್ ಆಡಿದವರು. ದೊಡ್ಡ ಪಂದ್ಯದ ಗೆಲುವನ್ನು ನೆಚ್ಚಿಕೊಳ್ಳದೆ, ಬಸ್ಸಿನಲ್ಲಿ ಊರೂರು ಅಲೆಯುವ ಸಣ್ಣ ತಂಡದ ಬದುಕನ್ನೂ ಮೂವರ ನಡುವಿನ ಸೆಳೆತವನ್ನೂ ಚಿತ್ರಿಸಿದರು. ಜನ ಒಬ್ಬರಿಗೊಬ್ಬರು ಹೇಳಿ ನೋಡಿಸಿದ ಚಿತ್ರ ಅದು. 'ವಿಂಬಲ್ಡನ್' ಅಷ್ಟು ಮಾತನ್ನು ಹುಟ್ಟಿಸಲಿಲ್ಲ. ಚೆನ್ನಾಗಿದೆ ಎಂದವರು ಬಹಳ, ಹೋಗಿ ನೋಡಲೇಬೇಕು ಎಂದವರು ಕಡಿಮೆ.

ವಿಚಿತ್ರವೆಂದರೆ ಕಥೆಯಲ್ಲಿ ನಂಬಲಾಗದ್ದು ಏನೂ ಇರಲಿಲ್ಲ. 119ನೇ ರ‍್ಯಾಂಕಿಗೆ ಇಳಿದ ಬ್ರಿಟಿಷ್ ಕಥಾನಾಯಕ ವೈಲ್ಡ್ ಕಾರ್ಡ್ (ನೇರ ಅರ್ಹತೆ ಇಲ್ಲದವರಿಗೆ ಆಯೋಜಕರು ಕೊಡುವ ವಿಶೇಷ ಪ್ರವೇಶ) ಪಡೆದು ಫೈನಲ್‌ವರೆಗೆ ಏರುತ್ತಾನೆ ಎಂದರೆ ನಗುವವರಿಗೆ 2001 ನೆನಪಿಸಬೇಕು. ಆ ವರ್ಷ 125ನೇ ರ‍್ಯಾಂಕಿನ ಗೊರಾನ್ ಇವಾನಿಸೆವಿಚ್ ವೈಲ್ಡ್ ಕಾರ್ಡ್ ಪಡೆದು ವಿಂಬಲ್ಡನ್ ಗೆದ್ದೇ ಬಿಟ್ಟರು. ಬಹುಶಃ ಚಿತ್ರಕ್ಕೆ ತೊಡಕಾದದ್ದೂ ಅದೇ. ಇದಕ್ಕಿಂತ ರೋಮಾಂಚಕವಾದ ನಿಜವನ್ನು ಟೆನಿಸ್ ಪ್ರೇಮಿಗಳು ಮೂರೇ ವರ್ಷದ ಹಿಂದೆ ಕಣ್ಣಾರೆ ನೋಡಿದ್ದರು.

ಪ್ರಶ್ನೆ: ಕ್ರೀಡೆಯನ್ನು ಬೆರೆಸಿದ ಪ್ರೇಮಹಾಸ್ಯ ಚಿತ್ರಗಳು ಒಂದು ದೇಶದಲ್ಲಿ ಓಡಿ ಇನ್ನೊಂದರಲ್ಲಿ ಓಡದೆ ಇರಲು ಆ ಕ್ರೀಡೆಯೇ ಕಾರಣವೇ? ಹಾಗಿದ್ದರೆ ಅಮೆರಿಕನ್ ಫುಟ್‌ಬಾಲ್‌ನ ಗಂಧಗಾಳಿ ಇಲ್ಲದ ನಾವು 'ಜೆರ್ರಿ ಮಗೈರ್' ಚಿತ್ರವನ್ನು ಅಷ್ಟು ಇಷ್ಟಪಟ್ಟದ್ದು ಹೇಗೆ?
(ವಿದ್ಯಾರ್ಥಿನಿಯೊಬ್ಬರು, ಧಾರವಾಡ)

ಉತ್ತರ: ನಿಮ್ಮ ಎರಡನೆಯ ವಾಕ್ಯದಲ್ಲೇ ಮೊದಲನೆಯದಕ್ಕೆ ಉತ್ತರ ಅಡಗಿದೆ. ಕ್ರೀಡೆ ಅಡ್ಡಿಯಾಗುತ್ತದೆ, ಆದರೆ ಅದನ್ನು ಎಲ್ಲಿ ಇಡುತ್ತೀರಿ ಎಂಬುದರ ಮೇಲೆ ಅಡ್ಡಿಯ ಎತ್ತರ ನಿಂತಿದೆ.

2005ರ ಏಪ್ರಿಲ್‌ನಲ್ಲಿ ಬಂದ ಅಮೆರಿಕದ 'ಫೀವರ್ ಪಿಚ್' ಚಿತ್ರವನ್ನು ತೆಗೆದುಕೊಳ್ಳಿ. ಅದರ ಮೂಲ ನಿಕ್ ಹಾರ್ನ್‌ಬಿ ಅವರು 1992ರಲ್ಲಿ ಬರೆದ ಪುಸ್ತಕ, ಲಂಡನ್ನಿನ ಆರ್ಸೆನಲ್ ಫುಟ್‌ಬಾಲ್ ತಂಡದ ಹುಚ್ಚು ಹಿಡಿದವನ ಆತ್ಮಕಥನ. ಅದು 1997ರಲ್ಲಿ ಬ್ರಿಟನ್ನಿನಲ್ಲಿ ಚಿತ್ರವಾಗಿತ್ತು. ಅಮೆರಿಕಕ್ಕೆ ಬಂದಾಗ ಫುಟ್‌ಬಾಲ್ ಹೋಗಿ ಬೇಸ್‌ಬಾಲ್ ಬಂತು, ಆರ್ಸೆನಲ್ ಜಾಗಕ್ಕೆ ಬೋಸ್ಟನ್ನಿನ ರೆಡ್ ಸಾಕ್ಸ್ ಬಂತು. ಸೋಲುವುದನ್ನೇ ರೂಢಿ ಮಾಡಿಕೊಂಡ ತಂಡದ ಅಭಿಮಾನಿಯ ಕಥೆಯೆಂದು ಚಿತ್ರೀಕರಣ ನಡೆಸುತ್ತಿರುವಾಗ ಆ ತಂಡ 2004ರ ಅಕ್ಟೋಬರ್‌ನಲ್ಲಿ 86 ವರ್ಷಗಳ ಬಳಿಕ ವಿಶ್ವ ಸರಣಿಯನ್ನು, ಅಂದರೆ ಅಮೆರಿಕದ ಬೇಸ್‌ಬಾಲ್‌ನ ಅಂತಿಮ ಪ್ರಶಸ್ತಿಯನ್ನು, ಗೆದ್ದುಬಿಟ್ಟಿತು! ಚಿತ್ರದ ಕೊನೆಯನ್ನು ಬದಲಿಸಬೇಕಾಯಿತು, ನಾಯಕ ನಾಯಕಿಯರನ್ನು ಸೇಂಟ್ ಲೂಯಿಸ್‌ಗೆ ವಿಮಾನದಲ್ಲಿ ಕರೆದೊಯ್ದು ನಿಜವಾದ ಗೆಲುವಿನ ಸಂಭ್ರಮದ ನಡುವೆಯೇ ಮೈದಾನದಲ್ಲಿ ಚಿತ್ರಿಸಿಕೊಂಡರು. ಪ್ರಚಾರದ ದೃಷ್ಟಿಯಿಂದ ಇದು ದೇವರೇ ಕೊಟ್ಟ ಜಾಹೀರಾತು. ಆದರೂ 4 ಕೋಟಿ ಡಾಲರ್ ವೆಚ್ಚದ ಚಿತ್ರ ಅಮೆರಿಕದಲ್ಲಿ 4.2 ಕೋಟಿ ಗಳಿಸಿತು, ಹೊರದೇಶಗಳೆಲ್ಲ ಸೇರಿ ಒಂದು ಕೋಟಿಯೂ ಕೊಡಲಿಲ್ಲ. ಬ್ರಿಟನ್ ಮುಂತಾದ ಕಡೆ ಅದಕ್ಕೆ 'ದ ಪರ್ಫೆಕ್ಟ್ ಕ್ಯಾಚ್' ಎಂದು ಹೆಸರು ಬದಲಿಸಿ ನೋಡಿದರೂ ಉಪಯೋಗವಾಗಲಿಲ್ಲ. ರೆಡ್ ಸಾಕ್ಸ್ ಗೆದ್ದರೆ ಬೋಸ್ಟನ್ನಿನವನು ಅಳುವುದೇಕೆ ಎಂಬುದು ಅಲ್ಲಿಯವರಿಗೆ ಹೇಳದೆ ತಿಳಿಯುತ್ತದೆ, ಹೊರಗಿನವರಿಗೆ ಹೇಳಿದರೂ ಎದೆಗೆ ತಟ್ಟುವುದಿಲ್ಲ.

'ವಿಂಬಲ್ಡನ್' ಇದಕ್ಕೆ ತಿರುವುಮುರುವು. ಅದರ ಗಳಿಕೆಯಲ್ಲಿ ನೂರಕ್ಕೆ ಸುಮಾರು ಅರವತ್ತು ಭಾಗ ಹೊರಗಿನದು. ಟೆನಿಸ್ ಹಲವು ದೇಶಗಳ ಆಟವಾದ್ದರಿಂದ ಗಡಿ ದಾಟುವುದು ಅದಕ್ಕೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ಅಮೆರಿಕದ ಒಳಗೆ. ಚಿತ್ರದ ಒಳತುಡಿತವಿರುವುದು 1936ರ ಫ್ರೆಡ್ ಪೆರ‍್ರಿ ನಂತರ ಸ್ವಂತ ನೆಲದಲ್ಲಿ ಪುರುಷರ ಸಿಂಗಲ್ಸ್ ಚಾಂಪಿಯನ್ ಇಲ್ಲದ ಬ್ರಿಟಿಷರ ಹಂಬಲದಲ್ಲಿ. ಟಿಮ್ ಹೆನ್ಮನ್ 1998ರಿಂದ 2002ರ ನಡುವೆ ನಾಲ್ಕು ಬಾರಿ ಸೆಮಿಫೈನಲ್‌ವರೆಗೆ ಬಂದು ಹಿಂದಿರುಗಿದ್ದ ಕಾಲ ಅದು. ಆ ಹಂಬಲ 2013ರಲ್ಲಿ ಆಂಡಿ ಮರ‍್ರಿ ಗೆಲ್ಲುವವರೆಗೂ ಈಡೇರಲಿಲ್ಲ. ಸಾಂಪ್ರಾಸ್, ಅಗಾಸಿ, ವಿಲಿಯಮ್ಸ್ ಸೋದರಿಯರ ದೇಶದವರಿಗೆ ಈ ನೋವು ಅರ್ಥವಾಗಬೇಕಾದರೂ ಏಕೆ?

ಇನ್ನು 'ಜೆರ್ರಿ ಮಗೈರ್'. 1996ರ ಡಿಸೆಂಬರ್ 13ರಂದು ಬಿಡುಗಡೆಯಾದ ಆ ಚಿತ್ರಕ್ಕೆ ಸುಮಾರು 5 ಕೋಟಿ ಡಾಲರ್ ಖರ್ಚಾಗಿತ್ತು. ಅಮೆರಿಕದಲ್ಲಿ 15.3 ಕೋಟಿ, ವಿಶ್ವದಾದ್ಯಂತ 27.3 ಕೋಟಿ ಬಂತು. ಮೊದಲ ವಾರಾಂತ್ಯದ 1.7 ಕೋಟಿಗೆ ಹೋಲಿಸಿದರೆ ಅಮೆರಿಕದ ಒಟ್ಟು ಗಳಿಕೆ ಒಂಬತ್ತು ಪಟ್ಟು. ಕ್ರಿಸ್‌ಮಸ್ ರಜೆ ಕೈಹಿಡಿಯಿತು, ಫೆಬ್ರುವರಿಯಲ್ಲಿ ಐದು ಆಸ್ಕರ್ ನಾಮನಿರ್ದೇಶನಗಳು ಬಂದು ಓಟ ಇನ್ನಷ್ಟು ದಿನ ಮುಂದುವರಿಯಿತು. ಈಗ ಅದರ ಕಥೆಯನ್ನು ನೆನಪಿಸಿಕೊಳ್ಳಿ. ನಾಯಕ ಆಟಗಾರನಲ್ಲ, ಆಟಗಾರರ ಏಜೆಂಟ್. ನಾವು ನೋಡುವುದು ಕೆಲಸ ಕಳೆದುಕೊಂಡವನ ದಿಗಿಲು, ಉಳಿದ ಒಬ್ಬನೇ ಗಿರಾಕಿಯನ್ನು ಕಾಯ್ದುಕೊಳ್ಳುವ ಪರದಾಟ, ಅವನನ್ನು ನಂಬಿ ಹೊರಟ ಹೆಣ್ಣು ಮತ್ತು ಅವಳ ಪುಟ್ಟ ಮಗ. ಟಚ್‌ಡೌನ್ ಎಂದರೇನೆಂದು ತಿಳಿಯದವರಿಗೂ ಸಂಬಳ ನಿಂತರೆ ಏನಾಗುತ್ತದೆಂಬುದು ತಿಳಿಯುತ್ತದೆ.

ಟಾಮ್ ಕ್ರೂಸ್ ಇದ್ದರಲ್ಲ ಎನ್ನುತ್ತೀರಾದರೆ, ಅದೇ ಆಟವನ್ನು ಕುರಿತು, ಅದೇ ನಾಯಕಿ ರೆನೀ ಝೆಲ್ವೆಗರ್ ನಟಿಸಿ, ಜಾರ್ಜ್ ಕ್ಲೂನಿ ನಿರ್ದೇಶಿಸಿ ನಾಯಕನೂ ಆಗಿದ್ದ 2008ರ 'ಲೆದರ್‌ಹೆಡ್ಸ್' ಇದೆ. 1925ರ ಕಾಲದ ಅಮೆರಿಕನ್ ಫುಟ್‌ಬಾಲನ್ನು ಹಿನ್ನೆಲೆಯಾಗಿಟ್ಟ ಆ ಪ್ರೇಮಹಾಸ್ಯಕ್ಕೆ 5.8 ಕೋಟಿ ಡಾಲರ್ ವೆಚ್ಚವಾಗಿ, ವಿಶ್ವದಾದ್ಯಂತ ಬಂದದ್ದು ಸುಮಾರು 4.1 ಕೋಟಿ. ಅದರಲ್ಲಿ ಹೊರದೇಶಗಳ ಪಾಲು ಒಂದು ಕೋಟಿಯ ಆಸುಪಾಸು. ಕ್ಲೂನಿ ಅವರ ಹೆಸರು ಕೇಳದ ದೇಶವಿರಲಿಲ್ಲ, ಆದರೆ ಆಟದ ಆರಂಭದ ದಿನಗಳ ಮೇಲಿನ ಮಮತೆ ಆ ಆಟವಿರುವ ದೇಶದಲ್ಲಿ ಮಾತ್ರ ಚಲಾವಣೆಯ ನಾಣ್ಯ.

ಪ್ರಶ್ನೆ: ನಾಲ್ವರು ದೊಡ್ಡ ತಾರೆಯರನ್ನು ಹಾಕಿಕೊಂಡು ಇಂಥ ಚಿತ್ರ ಮಾಡಿದರೆ ಗಲ್ಲಾಪೆಟ್ಟಿಗೆಯಲ್ಲಿ ಗೆಲುವು ಖಚಿತವಲ್ಲವೇ?
(ಓದುಗರೊಬ್ಬರು, ಹಾಸನ)

ಉತ್ತರ: 2010ರ ಡಿಸೆಂಬರ್‌ನಲ್ಲಿ 'ಹೌ ಡು ಯು ನೋ' ಎಂಬ ಚಿತ್ರ ಹಾಗೆಯೇ ಬಂತು. ರೀಸ್ ವಿದರ್‌ಸ್ಪೂನ್ ಅದರಲ್ಲಿ ತಂಡದಿಂದ ಕೈಬಿಟ್ಟ ಸಾಫ್ಟ್‌ಬಾಲ್ ಆಟಗಾರ್ತಿ, ಓವನ್ ವಿಲ್ಸನ್ ಬೇಸ್‌ಬಾಲ್‌ನಲ್ಲಿ ಚೆಂಡೆಸೆಯುವ ಪಿಚರ್, ಜೊತೆಗೆ ಪಾಲ್ ರಡ್ ಮತ್ತು ಜ್ಯಾಕ್ ನಿಕೋಲ್ಸನ್. ವೆಚ್ಚ 12 ಕೋಟಿ ಡಾಲರ್, ಅದರಲ್ಲಿ ದೊಡ್ಡ ಪಾಲು ಸಂಭಾವನೆಗೇ ಹೋಯಿತೆಂದು ಆಗ ವರದಿಗಳಾದವು. ವಿಶ್ವದಾದ್ಯಂತ ಗಳಿಕೆ 5 ಕೋಟಿಯನ್ನೂ ಮುಟ್ಟಲಿಲ್ಲ. ಹಿಂದೆ ಹೇಳಿದ ಎರಡೂವರೆ ಪಟ್ಟಿನ ಲೆಕ್ಕವನ್ನು ಇದಕ್ಕೆ ಹಾಕುವ ಧೈರ್ಯ ನನಗಿಲ್ಲ.

ಪ್ರಶ್ನೆ: ಚಿತ್ರಮಂದಿರದಲ್ಲಿ ಸೋತ ಇಂಥ ಚಿತ್ರಗಳಿಗೆ ಆಮೇಲಾದರೂ ಹಣ ಹುಟ್ಟುತ್ತದೆಯೇ? ಪ್ರತಿವರ್ಷ ಟೆನಿಸ್ ಕಾಲದಲ್ಲಿ ಟಿ.ವಿ.ಯವರು ಹಾಕುತ್ತಾರಲ್ಲ!
(ಗೃಹಿಣಿಯೊಬ್ಬರು, ಬೆಂಗಳೂರು)

ಉತ್ತರ: ಹುಟ್ಟುತ್ತದೆ, ಮತ್ತು ಅದು ಸಣ್ಣ ಮೊತ್ತವಲ್ಲ. 2004ರ ಹೊತ್ತು ಡಿ.ವಿ.ಡಿ. ವ್ಯಾಪಾರದ ಸುಗ್ಗಿಯ ಕಾಲ. ಅಮೆರಿಕದ ಸ್ಟುಡಿಯೊಗಳಿಗೆ ಚಿತ್ರಮಂದಿರಕ್ಕಿಂತ ಮನೆಯ ವಿಡಿಯೊದಿಂದಲೇ ಹೆಚ್ಚು ವರಮಾನ ಬರುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಒಪ್ಪಿ ಕೂತು ನೋಡಬಹುದಾದ ಹಗುರ ಚಿತ್ರಗಳಿಗೆ ಅಲ್ಲಿ ಗಿರಾಕಿ ಇದ್ದೇ ಇರುತ್ತಿದ್ದರು. ಪ್ರೇಮಹಾಸ್ಯಗಳನ್ನು ಸ್ಟುಡಿಯೊಗಳು ಆಗ ಧೈರ್ಯವಾಗಿ ತೆಗೆಯುತ್ತಿದ್ದದ್ದೂ, ಡಿ.ವಿ.ಡಿ. ಮಾರಾಟ ಕುಸಿದ ಮೇಲೆ ಅವುಗಳ ಸಂಖ್ಯೆ ಇಳಿದದ್ದೂ ಇದೇ ಸಾಲಿನ ಮಾತು. ಟಿ.ವಿ. ಹಕ್ಕಿನ ಹಣ ಸಾಮಾನ್ಯವಾಗಿ ಹಲವು ಚಿತ್ರಗಳ ಕಟ್ಟಿನ ಭಾಗವಾಗಿ ಬರುತ್ತದೆ. ಆದ್ದರಿಂದ ನೀವು ನೋಡಿದ ಒಂದು ಪ್ರದರ್ಶನಕ್ಕೆ ಇಷ್ಟೆಂದು ಬೇರ್ಪಡಿಸಿ ಹೇಳಲು ಬರುವುದಿಲ್ಲ. ಗಲ್ಲಾಪೆಟ್ಟಿಗೆಯ ಅಂಕಿಗಳಂತೆ ಈ ವರಮಾನ ವಾರವಾರ ಪ್ರಕಟವಾಗುವುದೂ ಇಲ್ಲ, ಹೀಗಾಗಿ ಚಿತ್ರವೊಂದಕ್ಕೆ ಬಿಡುಗಡೆಯ ವಾರಗಳಲ್ಲಿ ಅಂಟಿದ ಸೋಲಿನ ಹೆಸರು ಎಷ್ಟೋ ವರ್ಷ ಹಾಗೆಯೇ ಉಳಿಯುತ್ತದೆ.

ಮನೆಯ ವಿಡಿಯೊ ಎಂಬುದು ಎಷ್ಟು ದೊಡ್ಡ ಮಾರುಕಟ್ಟೆಯಾಗಿತ್ತು ಎಂಬುದಕ್ಕೆ ಗೆದ್ದ ಚಿತ್ರದ ಕಡೆಯಿಂದಲೇ ಒಂದು ಸಾಕ್ಷಿಯಿದೆ. 2017ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕಲಾವಿದರ ಗುಂಪೊಂದು ಹಳೆಯ ಕಾಲದ ವಿಡಿಯೊ ಅಂಗಡಿಯನ್ನು ಪ್ರದರ್ಶನವಾಗಿ ತೆರೆಯಿತು. ಅದರ ಗೋಡೆಗಳ ತುಂಬ ಜೋಡಿಸಿದ್ದು 'ಜೆರ್ರಿ ಮಗೈರ್' ಚಿತ್ರದ ಸುಮಾರು 14 ಸಾವಿರ ಕ್ಯಾಸೆಟ್‌ಗಳು, ಬೇರೆ ಒಂದೇ ಒಂದು ಚಿತ್ರವೂ ಅಲ್ಲಿರಲಿಲ್ಲ. ಮರುಭೂಮಿಯಲ್ಲಿ ಅವುಗಳದ್ದೇ ಪಿರಮಿಡ್ ಕಟ್ಟುವುದು ಆ ಗುಂಪಿನವರ ಆಸೆಯಂತೆ.